ಅಪ್ಪನ ಪಂಪು, ನನ್ನ ಪ್ರಿಂಟರು

ಏಪ್ರಿಲ್ ತಿಂಗಳ ಒಂದು ಸಂಜೆ. ನಾಡಿದ್ದು ತಮ್ಮನ ಸಿಇಟಿ. ಮೊಬೈಲಿನಲ್ಲಿದ್ದ ಪ್ರವೇಶಪತ್ರಕ್ಕೆ ಪ್ರಿಂಟ್ ಕೊಟ್ಟೆ. ಹಾಳೆ ಹೊರಬಂತು. ತಮ್ಮನ ಮುಖದ ಮೇಲೆ ಅಡ್ಡಡ್ಡ ಬಿಳಿ ಗೆರೆ, ಹೆಸರಿರಬೇಕಾದ ಜಾಗ ಖಾಲಿ! ‘ಯಕ್ಕಾ, ನೀ ಯಾರಂತ ಕೇಳಿದ್ರ ನಾ ಏನ್ ತೋರಸ್ಲಿ?’ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ನಮ್ಮದು ಯಾದಗಿರಿ ತಾಲ್ಲೂಕಿನ ಹತ್ತಿಕುಣಿ. ಪದವಿ ಓದುವ ಮಗಳ ಕೈಖರ್ಚಿಗೆ ಆಗಲಿ ಎಂದು ಅವ್ವ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಈ ಇಂಕ್ ಟ್ಯಾಂಕ್ ಪ್ರಿಂಟರ್ ಕೊಡಿಸಿದ್ದಳು. ಓಣಿಯವರ ಆಧಾರ್, ಪಹಣಿ, 371(ಜೆ) ಪ್ರಮಾಣಪತ್ರದ ಪ್ರತಿಗಳೆಲ್ಲ ನಮ್ಮ ಪಡಸಾಲೆಯಲ್ಲೇ ತಯಾರು. ಆವತ್ತು ಇನ್ನೂ ಮೂವರು ಹುಡುಗರು ತಮ್ಮ ಪ್ರವೇಶಪತ್ರ ಕಳಿಸಿ, ‘ಯಕ್ಕಾ, ಮುಂಜಾನಿ ಬರ್ತೀವಿ’ ಅಂದಿದ್ದರು. ಸಂಘದ ಕಂತು ಇನ್ನೂ ಮುಗಿದಿರಲಿಲ್ಲ.

‘ಹೆಡ್ ಕ್ಲೀನಿಂಗ್’ ಕೊಟ್ಟೆ. ಸರಿಹೋಗಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಐದನೇ ಸಲ ಕೊಟ್ಟಾಗ ಕಪ್ಪಿನ ಜತೆ ಹಳದಿಯೂ ತುಂಡು ತುಂಡಾಗಿತ್ತು. ಟ್ಯಾಂಕಿನಲ್ಲಿ ಇಂಕ್ ಇಳಿದದ್ದು ಕಣ್ಣಿಗೇ ಕಾಣುತ್ತಿತ್ತು. ರಿಪೇರಿಯವರಿಗೆ ಫೋನ್ ಮಾಡಿದರೆ, ‘ಹೆಡ್ ಹೋಗಿರಬೇಕು. ಬದಲಿಸಿದ್ರ ಹೊಸ ಪ್ರಿಂಟರಿನ ಅರ್ಧ ರೇಟು’ ಅಂದರು. ಅವ್ವನಿಗೆ ಹೇಳುವ ಧೈರ್ಯವಾಗದೆ ಹೊಲಿಗೆ ಡಬ್ಬಿಯಿಂದ ಸೂಜಿ ತೆಗೆದೆ. ಚುಚ್ಚಿಯಾದರೂ ನೋಡೋಣ ಎಂದು!

ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದ. ‘ಏನ್ ಮಾಡ್ಲತ್ತಿ ಯವ್ವಾ?’

ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಸ್ವಲ್ಪ ಹೊತ್ತು ಪ್ರಿಂಟರನ್ನು ನೋಡಿ, ಮೂಲೆಯಲ್ಲಿದ್ದ ಹತ್ತಿಗೆ ಎಣ್ಣೆ ಹೊಡೆಯುವ ಪಂಪಿನ ಕಡೆ ಕೈ ತೋರಿಸಿದ. ‘ಅದೂ ಹಂಗೇ ಅದ. ಹೊಡದ ಮ್ಯಾಲ ತೊಳೀದೇ ಇಟ್ರ ನೋಜಲ್ ಒಣಗಿ ಕಟ್ಕೋತದ. ಬಾಯಿಲಿಂದ ಊದಬಾರದು, ಸೂಜಿ ಚುಚ್ಚಬಾರದು. ಚುಚ್ಚಿದ್ರ ತೂತ ದೊಡ್ಡದಾಗಿ ಹನಿ ಎಲ್ಲೆಲ್ಲೋ ಹಾರ್ತದ. ನೆನೀಲಾಕ ಬಿಡಬೇಕು. ಅವಸರ ಮಾಡಬ್ಯಾಡ.’

ಆಗ ನೆನಪಾಯಿತು, ಡಬ್ಬದಲ್ಲೇ ಉಳಿದಿದ್ದ ಕೈಪಿಡಿ. ಖರೀದಿಸಿದ ದಿನದಿಂದ ತೆರೆದೇ ಇರಲಿಲ್ಲ. ಅದರಲ್ಲಿ ಅಪ್ಪನ ಮಾತೇ ಇತ್ತು: ಒಂದೆರಡು ಸಲ ಕ್ಲೀನ್ ಮಾಡಿಯೂ ಸರಿಹೋಗದಿದ್ದರೆ, ಆಫ್ ಮಾಡಿ ಹಲವು ಗಂಟೆ ಸುಮ್ಮನೆ ಬಿಡಿ. ಇನ್ನೊಂದು ಸಾಲು ಓದಿ ಮಾತ್ರ ನಾಲಿಗೆ ಕಚ್ಚಿಕೊಂಡೆ. ಪ್ರಿಂಟರನ್ನು ಅದರದೇ ಬಟನ್‌ನಿಂದ ಆಫ್ ಮಾಡಬೇಕು, ಗೋಡೆಯ ಸ್ವಿಚ್ಚಿನಿಂದಲ್ಲ!

ಕಾರಣ ಇಷ್ಟೇ. ಬಟನ್ ಒತ್ತಿದರೆ ಹೆಡ್ ತನ್ನ ಮೂಲೆಗೆ ಹೋಗಿ ಕೂರುತ್ತದೆ. ಅಲ್ಲಿರುವ ರಬ್ಬರ್ ಮುಚ್ಚಳ ಅದರ ಬಾಯಿ ಮುಚ್ಚಿ ತೇವ ಕಾಯುತ್ತದೆ. ಮೂರು ವಾರದ ಹಿಂದೆ ಪ್ರಿಂಟ್ ನಡುವೆಯೇ ಕರೆಂಟ್ ಹೋಗಿತ್ತು. ನಾನು ಗೋಡೆಯ ಸ್ವಿಚ್ ಆರಿಸಿ ನನ್ನ ಪರೀಕ್ಷೆಯ ಓದಿಗೆ ಕೂತವಳು ಮತ್ತೆ ಇತ್ತ ತಿರುಗಿರಲಿಲ್ಲ. ಹೆಡ್ ನಡುದಾರಿಯಲ್ಲೇ ಬಾಯಿ ತೆರೆದು ನಿಂತಿತ್ತು. ನಮ್ಮ ಬೇಸಿಗೆಯೋ 40 ಡಿಗ್ರಿ ದಾಟುವಂಥದ್ದು. ಕೂದಲಿಗಿಂತ ಸಣ್ಣ ತೂತುಗಳಲ್ಲಿ ಇಂಕ್ ಒಣಗದೆ ಇರುತ್ತದೆಯೇ? ಮೇಲಿಂದ ಮೇಲೆ ಕ್ಲೀನಿಂಗ್ ಕೊಟ್ಟು ಇಂಕನ್ನು ಒಳಗಿನ ತ್ಯಾಜ್ಯದ ಪ್ಯಾಡಿಗೆ ಸುರಿದದ್ದೇ ಬಂತು.

ಬಟನ್ ಒತ್ತಿ ಆಫ್ ಮಾಡಿದೆ. ನೀರು ಹಾಕುವ ಹಾಗಿಲ್ಲ, ಒಣಗಿದ ಇಂಕನ್ನು ಹೊಸ ಇಂಕೇ ನೆನೆಸಬೇಕು. ನಿದ್ದೆ ಬರದೆ ಮೊಬೈಲಿನಲ್ಲಿ ಪ್ರಿಂಟರುಗಳ ಕತೆ ಓದಿದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ತುದಿಯಿಂದ ಇಂಕ್ ಚಿಮ್ಮಿತಂತೆ. ಬಿಸಿಗೆ ಎದ್ದ ಗುಳ್ಳೆ ಇಂಕನ್ನು ತಳ್ಳುವ ಅದೇ ತತ್ವದಲ್ಲಿ ಎಷ್ಟೋ ಪ್ರಿಂಟರುಗಳು ಇಂದಿಗೂ ನಡೆಯುತ್ತವೆ. ಅವರ ಸೂಜಿ ಪ್ರಿಂಟರನ್ನೇ ಹುಟ್ಟಿಸಿತು, ನನ್ನ ಸೂಜಿ ಅದನ್ನು ಕೊಲ್ಲುವುದರಲ್ಲಿತ್ತು!

ಬೆಳಿಗ್ಗೆ ಆರಕ್ಕೆ ಎದ್ದು ನೋಜಲ್ ಚೆಕ್ ಕೊಟ್ಟೆ. ಹಳದಿ ಪೂರ್ತಿ ಬಂದಿತ್ತು, ಕಪ್ಪಿನಲ್ಲಿ ಎರಡೇ ಗೆರೆ ಬಾಕಿ. ಒಂದೇ ಒಂದು ಸಲ ಕ್ಲೀನಿಂಗ್ ಕೊಟ್ಟು ಮತ್ತೆ ನೋಡಿದರೆ ಎಲ್ಲ ಗೆರೆಗಳೂ ಹಾಜರ್. ತಮ್ಮನ ಹೆಸರು, ಮುಖ ಎರಡೂ ಸ್ಪಷ್ಟ. ಹುಡುಗರು ಬರುವಷ್ಟರಲ್ಲಿ ನಾಲ್ಕೂ ಪ್ರವೇಶಪತ್ರ ತಯಾರಾಗಿದ್ದವು. ಆಮೇಲೆಯೇ ಅವ್ವನಿಗೆ ನಡೆದದ್ದೆಲ್ಲ ಹೇಳಿದ್ದು.

ಈಗ ಸ್ವಿಚ್ ಬೋರ್ಡಿನ ಮೇಲೆ ‘ಮೊದಲು ಬಟನ್’ ಎಂದು ಚೀಟಿ ಅಂಟಿಸಿದ್ದೇನೆ. ಇಂಕ್ ಕೆಳಗಿನ ಗೆರೆಗೆ ಬರುವ ಮುಂಚೆಯೇ ತುಂಬುತ್ತೇನೆ, ಇಲ್ಲದಿದ್ದರೆ ಕೊಳವೆಯೊಳಗೆ ಗಾಳಿ ಸೇರಿ ಹರಿವು ನಿಲ್ಲುತ್ತದೆ. ಕೆಲಸವಿರಲಿ ಬಿಡಲಿ, ವಾರಕ್ಕೊಮ್ಮೆ ನಾಲ್ಕೂ ಬಣ್ಣದ ಒಂದು ಹಾಳೆ ತೆಗೆಯುತ್ತೇನೆ.

ನಾನು ಮರೆತರೂ ಅಪ್ಪ ಮರೆಯುವುದಿಲ್ಲ. ಪ್ರತಿ ಭಾನುವಾರ ಹೊಲಕ್ಕೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳುತ್ತಾನೆ: ‘ಯವ್ವಾ, ನಿನ್ನ ಪಂಪ್ ಒಂದ್ಸಲ ಹೊಡದಿ ಏನು?’