ಕೆ.ಎಸ್. ಹೆಗ್ಡೆ: ನ್ಯಾಯಪೀಠದಿಂದ ಸ್ಪೀಕರ್ ಪೀಠಕ್ಕೆ

ಆಳುವ ಪಕ್ಷದ ಸಂಸದರೊಬ್ಬರು ನೇರವಾಗಿ ಹೈಕೋರ್ಟಿನ ನ್ಯಾಯಮೂರ್ತಿಯಾದರೆ ಜನ ಅನುಮಾನದಿಂದ ನೋಡುತ್ತಾರೆ, ನೋಡಲೂಬೇಕು. ಕೌಡೂರು ಸದಾನಂದ ಹೆಗ್ಡೆಯವರು 1957ರಲ್ಲಿ ಮೈಸೂರು ಹೈಕೋರ್ಟಿಗೆ ಬಂದದ್ದು ಹಾಗೆಯೇ. ಕಾರ್ಕಳ ಸೀಮೆಯಲ್ಲಿ 1909ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಕಾನೂನು ಓದಿ, ವಕೀಲಿಕೆ ನಡೆಸಿ, ಸರ್ಕಾರಿ ವಕೀಲರೂ ಆಗಿ, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆ ಸೇರಿದ್ದರು. 1966ರಲ್ಲಿ ಹೊಸದಾಗಿ ಸ್ಥಾಪನೆಯಾದ ದೆಹಲಿ ಹೈಕೋರ್ಟಿಗೆ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. ಮರುವರ್ಷ ಸುಪ್ರೀಂ ಕೋರ್ಟು.

ಅಲ್ಲಿ ಅವರು ಬರೆದ ತೀರ್ಪುಗಳಲ್ಲಿ ಕ್ರೈಪಾಕ್ ಪ್ರಕರಣದ್ದು ಇಂದಿಗೂ ಕಾನೂನು ವಿದ್ಯಾರ್ಥಿಗಳಿಗೆ ಪಾಠ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ನಡೆಯುತ್ತಿತ್ತು. ಆಯ್ಕೆ ಮಂಡಳಿಯಲ್ಲಿ ಕೂತಿದ್ದ ಅಧಿಕಾರಿಯೊಬ್ಬರು ತಾವೂ ಅಭ್ಯರ್ಥಿಯೇ. ತಮ್ಮ ಹೆಸರು ಬಂದಾಗ ಅವರು ಎದ್ದುಹೋದರು, ನಿಜ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು, ಪಟ್ಟಿಯ ಕ್ರಮ ತಯಾರಿಸುವಾಗಲೂ ಇದ್ದರು. ಇದು ಬರಿಯ ಆಡಳಿತದ ಕೆಲಸ, ನ್ಯಾಯವಿಚಾರಣೆಯಲ್ಲ ಎಂಬ ಸರ್ಕಾರದ ವಾದವನ್ನು ಕೋರ್ಟು ಒಪ್ಪಲಿಲ್ಲ. ಆಡಳಿತದ ತೀರ್ಮಾನಕ್ಕೂ ಸಹಜ ನ್ಯಾಯದ ನಿಯಮಗಳು ಅನ್ವಯಿಸುತ್ತವೆ ಎಂದು ಆಯ್ಕೆಯನ್ನೇ ರದ್ದುಮಾಡಿತು. ನೌಕರಿ, ಪರವಾನಗಿ, ಬಡ್ತಿಗಳಿಗಾಗಿ ಕಚೇರಿಗಳ ಮುಂದೆ ನಿಲ್ಲುವ ಸಾಮಾನ್ಯರಿಗೆ ಇದಕ್ಕಿಂತ ಹತ್ತಿರದ ತೀರ್ಪುಗಳು ಕಡಿಮೆ ಎಂದು ನನ್ನ ನಂಬಿಕೆ.

ಆಮೇಲೆ ಬಂತು ಕೇಶವಾನಂದ ಭಾರತಿ ಪ್ರಕರಣ. ಅರ್ಜಿದಾರರು ಎಡನೀರು ಮಠದ ಸ್ವಾಮೀಜಿ. ಮಠವಿರುವ ಕಾಸರಗೋಡು 1956ರವರೆಗೆ ಹೆಗ್ಡೆಯವರ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿದ ಅರ್ಜಿ, ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ಬಂತು: ತಿದ್ದಬಹುದು, ಆದರೆ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆಯವರು ಆ ಏಳು ಮಂದಿಯಲ್ಲಿ ಒಬ್ಬರು.

ಸರ್ಕಾರ ತಡಮಾಡಲಿಲ್ಲ. ಸೇವಾ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಒಂದು ಕಾಲದಲ್ಲಿ ತಾವಿದ್ದ ಪಕ್ಷದ ಸರ್ಕಾರವೇ ಎದುರಿಗಿದ್ದರೂ ಹೆಗ್ಡೆಯವರ ಲೇಖನಿ ಅಳುಕಿರಲಿಲ್ಲ. 1957ರ ಅನುಮಾನಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ, 1977ರಲ್ಲಿ, ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದರು. ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಚುನಾವಣೆಗೆಂದು ಸ್ಪೀಕರ್ ಸ್ಥಾನ ಬಿಟ್ಟಾಗ ಜುಲೈ 21ರಂದು ಆ ಪೀಠ ಇವರದಾಯಿತು. ಸಂಸತ್ತಿನ ಅಧಿಕಾರಕ್ಕೆ ಎಲ್ಲೆ ಹಾಕಿದವರು ಸಂಸತ್ತನ್ನೇ ನಡೆಸಬೇಕಾಯಿತು.

ಅವರ ಕಾಲದ ಅತಿ ಕಠಿಣ ಗಳಿಗೆ 1978ರ ಡಿಸೆಂಬರಿನದು. ಚಿಕ್ಕಮಗಳೂರಿನಿಂದ ಆಗಷ್ಟೇ ಗೆದ್ದು ಬಂದಿದ್ದ ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಉಚ್ಚಾಟಿಸಿ ಜೈಲಿಗೆ ಕಳಿಸಿತು. ನಿರ್ಧಾರ ಸದನದ್ದು, ಸ್ಪೀಕರರದಲ್ಲ. ಆದರೂ ಆರೋಪ ಹೊರಿಸಿದವರೇ ತೀರ್ಪು ಕೊಟ್ಟರಲ್ಲ ಎಂಬ ಪ್ರಶ್ನೆಯನ್ನು, ಕ್ರೈಪಾಕ್ ತೀರ್ಪು ಓದಿದವರು ಕೇಳದೆ ಇರಲಾರರು. 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ, ತನ್ನ ಬಹುಮತದಿಂದ, ಆ ನಿರ್ಣಯವನ್ನು ರದ್ದುಮಾಡಿತು.