ಪರರಕ್ಷಣೆಯೂ ಶಸ್ತ್ರತ್ಯಾಗವೂ: ಕ್ರೈಸ್ತಮತದಲ್ಲೊಂದು ಧರ್ಮಜಿಜ್ಞಾಸೆ

ತನಗೆ ಕೇಡೆಸಗಿದವನನ್ನು ಕ್ಷಮಿಸುವುದು ಸಜ್ಜನರಿಗೆ ಭೂಷಣ. ಆದರೆ ಕಣ್ಣೆದುರಿನಲ್ಲಿ ನಿರಪರಾಧಿಯೊಬ್ಬನ ಮೇಲೆ ಖಡ್ಗವೆತ್ತಿದವನ ವಿಷಯದಲ್ಲಿ ಮಾಡತಕ್ಕದ್ದೇನು? ತನ್ನ ನೋವನ್ನು ಕ್ಷಮಿಸುವ ಅಧಿಕಾರ ತನಗುಂಟು. ಪರರ ನೋವನ್ನು ಅವರ ಪರವಾಗಿ ಕ್ಷಮಿಸುವ ಅಧಿಕಾರ ಯಾರಿಗುಂಟು? ಅಹಿಂಸೆಯನ್ನು ಬೋಧಿಸುವ ಮತಗಳೆಲ್ಲವೂ ಎದುರಿಸಬೇಕಾದ ಪ್ರಶ್ನೆಯಿದು. ಕ್ರೈಸ್ತಮತದಲ್ಲಿ ಈ ಜಿಜ್ಞಾಸೆಯು ಬಹುಕಾಲದಿಂದ ನಡೆದುಬಂದಿದೆ.

ಏಸುಕ್ರಿಸ್ತನು ಪರ್ವತಪ್ರಸಂಗದಲ್ಲಿ ಶತ್ರುಪ್ರೇಮವನ್ನು ಉಪದೇಶಿಸಿದನು. ತನ್ನನ್ನು ಬಂಧಿಸಲು ಬಂದವರ ಮೇಲೆ ಕತ್ತಿಯೆತ್ತಿದ ಶಿಷ್ಯನನ್ನು ತಡೆದನು. ಆದಿಕಾಲದ ಆಚಾರ್ಯರಲ್ಲಿ ಟೆರ್ಟುಲಿಯನ್, ಒರಿಜೆನ್ ಮೊದಲಾದವರು ರಕ್ತಪಾತವು ಕ್ರೈಸ್ತನಿಗೆ ಸಲ್ಲದೆಂದರು. ಕ್ರಿ. ಶ. 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯನ್ ಎಂಬ ತರುಣನು ರೋಮನ್ ಸೈನ್ಯವನ್ನು ಸೇರಲೊಪ್ಪದೆ ಶಿರಚ್ಛೇದಕ್ಕೆ ಗುರಿಯಾದನು.

ಕ್ರಿ. ಶ. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಈ ಮತಕ್ಕೆ ಮನ್ನಣೆಯಿತ್ತ ಬಳಿಕ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅದುವರೆಗೆ ಪೀಡಿತರಾಗಿದ್ದವರು ಈಗ ಪ್ರಜಾಪಾಲನೆಯ ಹೊಣೆಯನ್ನೂ ಹೊರಬೇಕಾಯಿತು. ಸಂತ ಅಗಸ್ಟೀನನು (354–430) ಇಲ್ಲಿ ಸೂಕ್ಷ್ಮವಾದೊಂದು ಭೇದವನ್ನು ಕಲ್ಪಿಸಿದನು. ಸಾಮಾನ್ಯ ವ್ಯಕ್ತಿಯು ತನ್ನ ಪ್ರಾಣವನ್ನುಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲುವುದನ್ನು ಅವನು ಒಪ್ಪಲಿಲ್ಲ. ಆದರೆ ಸೈನಿಕನಾಗಲಿ ರಾಜಾಧಿಕಾರಿಯಾಗಲಿ ಪರರಿಗಾಗಿ, ನಗರಕ್ಕಾಗಿ, ನ್ಯಾಯದ ಮೇರೆಯೊಳಗೆ ಬಲಪ್ರಯೋಗ ಮಾಡಿದರೆ ಅದು ದೋಷವಲ್ಲವೆಂದನು. ಆತ್ಮರಕ್ಷಣೆಗಿಂತ ಪರರಕ್ಷಣೆಗೆ ಹೆಚ್ಚಿನ ಅವಕಾಶವಿತ್ತದ್ದು ಇಲ್ಲಿ ಗಮನಾರ್ಹ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಧರ್ಮಯುದ್ಧಕ್ಕೆ ಮೂರು ಲಕ್ಷಣಗಳನ್ನು ಹೇಳಿದನು: ಯೋಗ್ಯ ಅಧಿಕಾರಿಯ ಆಜ್ಞೆ, ನ್ಯಾಯವಾದ ಕಾರಣ, ಶುದ್ಧವಾದ ಸಂಕಲ್ಪ.

ಲಕ್ಷಣವು ಉತ್ತಮವಾದ ಮಾತ್ರಕ್ಕೆ ಆಚರಣೆಯೂ ಉತ್ತಮವಾಗುವುದಿಲ್ಲ. ಥಾಮಸನಿಗಿಂತ ಮೊದಲೇ, 1099ರಲ್ಲಿ, ಪರರಕ್ಷಣೆಯ ಹೆಸರಿನಲ್ಲಿ ಹೊರಟ ಕ್ರೂಸೇಡ್ ಸೈನ್ಯವು ಜೆರೂಸಲೇಮಿನಲ್ಲಿ ನಿರಾಯುಧರಾದ ಮುಸ್ಲಿಮರನ್ನೂ ಯೆಹೂದ್ಯರನ್ನೂ ಕೊಂದಿತ್ತು. ಸುಧಾರಣೆಯ ಯುಗದಲ್ಲಿ ಹುಟ್ಟಿದ ಮೆನೊನೈಟರೂ ಅನಂತರ ಬಂದ ಕ್ವೇಕರರೂ ಶಸ್ತ್ರವನ್ನು ಪೂರ್ಣವಾಗಿ ತ್ಯಜಿಸಿದರು. ಆದರೆ ಕ್ವೇಕರರಾದ ವಿಲಿಯಂ ಪೆನ್ನರು ಸ್ಥಾಪಿಸಿದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿಯೇ ಆ ವ್ರತಕ್ಕೆ ಕಠಿಣ ಪರೀಕ್ಷೆಯೊದಗಿತು. ಗಡಿಯ ನೆಲಸಿಗರ ಮೇಲೆ ದಾಳಿಗಳು ನಡೆದು, 1756ರಲ್ಲಿ ಗವರ್ನರನು ಡೆಲವೇರ್ ಮೂಲನಿವಾಸಿಗಳ ಮೇಲೆ ಯುದ್ಧ ಸಾರಿದಾಗ, ಕ್ವೇಕರ್ ಸದಸ್ಯರಲ್ಲಿ ಕೆಲವರು ಶಾಸನಸಭೆಯ ಸ್ಥಾನಗಳನ್ನೇ ತೊರೆದರು. ಮೂಲನಿವಾಸಿಗಳ ನೆಲವನ್ನು 1737ರಲ್ಲಿ ವಂಚನೆಯಿಂದ ಕಸಿದುಕೊಂಡದ್ದೂ ಕಲಹಕ್ಕೆ ಕಾರಣವೆಂದರಿತ ಕೆಲವು ಕ್ವೇಕರರು ಸಂಧಾನಕ್ಕೆ ತೊಡಗಿದರು. ಆದರೂ ಗಡಿಯಲ್ಲಿದ್ದವರನ್ನು ಅಂದು ಕಾಯುವವರಾರೆಂಬ ಆಕ್ಷೇಪ ಉಳಿದೇ ಇತ್ತು.

ಎರಡನೆಯ ಮಹಾಯುದ್ಧದಲ್ಲಿ ಈ ಆಕ್ಷೇಪಕ್ಕೆ ಇಬ್ಬರು ಸಭಾಪಾಲಕರು ಎರಡು ರೀತಿಯಲ್ಲಿ ಉತ್ತರವಿತ್ತರು. ಫ್ರಾನ್ಸಿನ ಲ ಶಾಂಬೊನ್ ಎಂಬ ಬೆಟ್ಟದ ಹಳ್ಳಿಯ ಆಂದ್ರೆ ತ್ರೋಕ್ಮೆಯವರು ಮೊದಲನೆಯವರು. ಅಲ್ಲಿನ ಜನ ಹಿಂದೆ ಮತದ್ವೇಷದಿಂದ ಪೀಡಿತರಾದ ಪ್ರಾಟೆಸ್ಟೆಂಟರ ಸಂತತಿ. 1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಗೆ ಮಣಿಯಿತು. ಮರುದಿನವೇ ತ್ರೋಕ್ಮೆಯವರೂ ಅವರ ಸಹೋದ್ಯೋಗಿ ಎದುವಾರ್ ತೇಸರೂ, ಅನ್ಯಾಯದ ಆಜ್ಞೆಯನ್ನು ಆತ್ಮಬಲದಿಂದ ಪ್ರತಿಭಟಿಸಬೇಕೆಂದು ಸಭೆಗೆ ಬೋಧಿಸಿದರು. ಹಳ್ಳಿಯ ಮನೆಗಳಲ್ಲಿ, ಹೊಲಮನೆಗಳಲ್ಲಿ, 1938ರಲ್ಲಿ ಇವರಿಬ್ಬರೇ ತೆರೆದಿದ್ದ ಶಾಲೆಯಲ್ಲಿ ಯೆಹೂದ್ಯರಿಗೆ, ವಿಶೇಷವಾಗಿ ಮಕ್ಕಳಿಗೆ, ಆಶ್ರಯ ದೊರೆಯಿತು. ಯೆಹೂದ್ಯರ ಪಟ್ಟಿಯನ್ನು ಕೇಳಿದ ಅಧಿಕಾರಿಗಳಿಗೆ ತ್ರೋಕ್ಮೆಯವರು ಅದನ್ನು ಕೊಡಲಿಲ್ಲ. ಅವರ ಬಂಧುವೂ ಉಪಾಧ್ಯಾಯನೂ ಆದ ದಾನಿಯೆಲ್ ತ್ರೋಕ್ಮೆಯು 1943ರ ಜೂನ್‌ನಲ್ಲಿ ತನ್ನ ಹೊಣೆಯ ವಿದ್ಯಾರ್ಥಿಗಳೊಡನೆ ಬಂಧಿತನಾಗಿ, ಮರುವರ್ಷ ಮೈದಾನೆಕ್ ಶಿಬಿರದಲ್ಲಿ ಮಡಿದನು. ಆ ಪ್ರದೇಶದಲ್ಲಿ ಸಾವಿರಾರು ಜೀವಗಳು ಉಳಿದುವು.

ಎರಡನೆಯವರು ಜರ್ಮನಿಯ ಡೀಟ್ರಿಶ್ ಬಾನ್‌ಹೋಫರರು (1906–1945). ಇವರೂ ಶಾಂತಿವಾದಿಗಳೇ, 1934ರಲ್ಲಿ ಮಹಾತ್ಮಾ ಗಾಂಧೀಜಿಯವರಿಗೆ ಪತ್ರ ಬರೆದು, ಅವರ ಆಶ್ರಮಕ್ಕೆ ಆಹ್ವಾನವನ್ನೂ ಪಡೆದಿದ್ದರು. ಆ ಪ್ರಯಾಣ ಕೈಗೂಡಲಿಲ್ಲ. ಮುಂದೆ ಹಿಟ್ಲರನನ್ನು ಕೊನೆಗಾಣಿಸಬೇಕೆಂದು ಹವಣಿಸುತ್ತಿದ್ದವರ ಗುಂಪನ್ನು ಅವರು ಸೇರಿದರು. ವಿದೇಶದ ಚರ್ಚುಗಳೊಡನೆ ರಹಸ್ಯ ಸಂಪರ್ಕ ಬೆಳೆಸುವುದು ಅವರ ಮುಖ್ಯ ಕಾರ್ಯ. 1943ರ ಏಪ್ರಿಲ್‌ನಲ್ಲಿಯೇ ಬಂಧಿತರಾದುದರಿಂದ, 1944ರ ಜುಲೈ 20ರ ವಿಫಲ ಪ್ರಯತ್ನದ ಕಾಲಕ್ಕೆ ಅವರು ಸೆರೆಯಲ್ಲಿದ್ದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಬಾನ್‌ಹೋಫರರ ನಿಲುವು ಥಾಮಸನ ನಿಲುವಿಗಿಂತ ಭಿನ್ನ. ನ್ಯಾಯವಾದ ಬಲಪ್ರಯೋಗವು ಪಾಪವೇ ಅಲ್ಲವೆಂಬುದು ಥಾಮಸನ ಮತ. ಬಾನ್‌ಹೋಫರರಾದರೋ ಹಿಂಸೆಯನ್ನು ಪುಣ್ಯವೆನ್ನಲಿಲ್ಲ. ಪರರಿಗಾಗಿ ಅನಿವಾರ್ಯವಾಗಿ ಕೈಕೊಂಡ ಕಾರ್ಯದ ದೋಷವನ್ನು ಹೊಣೆಯರಿತವನು ತಲೆಯ ಮೇಲೆ ಹೊತ್ತು ದೇವರ ಕರುಣೆಗೆ ತನ್ನನ್ನೊಪ್ಪಿಸಬೇಕು. ತನ್ನ ಕೈ ಶುದ್ಧವಾಗಿರಲೆಂದು ಪರರ ಸಾವನ್ನು ನೋಡುತ್ತ ಕೂರಲಾಗದೆಂಬುದು ಅವರ ಅಭಿಪ್ರಾಯ.

ಈ ವಿವಾದ ಇಂದಿಗೂ ಮುಗಿದಿಲ್ಲ. 2020ರಲ್ಲಿ ಪೋಪ್ ಫ್ರಾನ್ಸಿಸರು, ಆಧುನಿಕ ಆಯುಧಗಳ ವಿನಾಶಶಕ್ತಿಯನ್ನು ಕಂಡಾಗ ಹಿಂದಿನ ಧರ್ಮಯುದ್ಧಲಕ್ಷಣಗಳನ್ನು ಅವಲಂಬಿಸುವುದು ಬಹಳ ಕಷ್ಟವೆಂದು ತಮ್ಮ ವಿಶ್ವಪತ್ರದಲ್ಲಿ ಸೂಚಿಸಿದರು. ಆದರೂ ನ್ಯಾಯವಾದ ಆತ್ಮರಕ್ಷಣೆಯ ಹಕ್ಕನ್ನು ಅವರ ಚರ್ಚು ಕೈಬಿಟ್ಟಿಲ್ಲ.

ತ್ರೋಕ್ಮೆಯವರ ಮಾರ್ಗವು ಎಲ್ಲೆಡೆಯೂ ಫಲಿಸೀತೆನ್ನಲಾಗದು. ಬಾನ್‌ಹೋಫರರ ಮಾರ್ಗವು ಅಲ್ಪಾತ್ಮರ ಕೈಗೆ ಸಿಕ್ಕರೆ ಹಿಂಸೆಗೆ ನೆಪವಾದೀತು. ಆದರೆ ಒಂದಂಶದಲ್ಲಿ ಇಬ್ಬರೂ ಏಕಮತ. ನೆರೆಯವನನ್ನು ಎಳೆದೊಯ್ಯುವಾಗ ಬಾಗಿಲು ಮುಚ್ಚಿ ಒಳಗಿರುವುದನ್ನು ಇಬ್ಬರೂ ಅಹಿಂಸೆಯೆನ್ನಲಿಲ್ಲ. ವಿದ್ಯಾರ್ಥಿಗಳಿಗೆ ಅಹಿಂಸೆಯನ್ನು ಬೋಧಿಸುವ ಉಪಾಧ್ಯಾಯರು ಈ ಅಂಶವನ್ನೂ ಜೊತೆಯಲ್ಲಿ ತಿಳಿಸಿಕೊಡುವುದು ಅವಶ್ಯ.