ವಿಮಾನ ಇಳಿಯುವಾಗ ಕೂಸು ಯಾಕೆ ಅಳುತ್ತದೆ?

ನಮ್ಮೂರು ಕೊಂಡ್ಲಹಳ್ಳಿ. ಮೊಳಕಾಲ್ಮುರು ತಾಲ್ಲೂಕಿನ ಈ ಬಯಲುಸೀಮೆಯ ಊರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಒಂದು ತಲೆಮಾರಿನ ಹಿಂದೆ ವಿಮಾನವೆಂದರೆ ಹೊಲದಲ್ಲಿ ಶೇಂಗಾ ಕೀಳುವವರು ಕತ್ತೆತ್ತಿ ನೋಡುವ ವಸ್ತುವಾಗಿತ್ತು. ಈಗ ಪಕ್ಕದ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲೇ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆಯ ಉಡಾವಣಾ ವಾಹನ ಅಲ್ಲಿನ ರನ್‌ವೇ ಮೇಲೆ ತಾನೇ ತಾನಾಗಿ ಬಂದಿಳಿಯಿತು. ಓದಿ ದೂರ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳು, ಗಂಡುಮಕ್ಕಳು ಕಂಕುಳಲ್ಲಿ ಕೂಸು ಎತ್ತಿಕೊಂಡು ವಿಮಾನದಲ್ಲಿ ಊರಿಗೆ ಬರುತ್ತಾರೆ.

ಹಾಗೆ ಬಂದ ಮಗಳು ಅವ್ವನ ಮುಂದೆ ಹೇಳಿಕೊಳ್ಳುವ ಮಾತು ಹೆಚ್ಚುಕಡಿಮೆ ಒಂದೇ: ‘ಇಳಿಯೋ ಹೊತ್ತಿಗೆ ಕೂಸು ಒಂದೇ ಸಮ ಅತ್ತುಬಿಡ್ತು ಕಣವ್ವ. ಎಲ್ರೂ ನಮ್ಮನ್ನೇ ನೋಡೋರು.’ ಅವ್ವನ ಉತ್ತರವೂ ಸಿದ್ಧ: ‘ಯಾರ ದೃಷ್ಟಿ ತಾಕೈತೋ ಏನೋ, ತಾ ಇಲ್ಲಿ, ನಿವಾಳಿಸಿ ಹಾಕ್ತೀನಿ.’

ಅವ್ವನ ಅಕ್ಕರೆ ದೊಡ್ಡದು. ಆದರೆ ಆ ಅಳು ದೃಷ್ಟಿಯಿಂದ ಬಂದದ್ದಲ್ಲ. ಅದು ಕೂಸಿನ ಹಟವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಬಹುತೇಕ ಅದು ಕಿವಿಯ ನೋವು. ಆ ನೋವಿಗೆ ಕಾರಣವಿದೆ. ಕಾರಣ ತಿಳಿದರೆ ಉಪಾಯವೂ ಇದೆ.

ಊಟಿಯ ಎತ್ತರದ ಗಾಳಿ

ದೊಡ್ಡ ವಿಮಾನಗಳು ಸುಮಾರು 10–11 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲು ಭಾಗದಷ್ಟು. ತಾಪಮಾನ ಶೂನ್ಯಕ್ಕಿಂತ 50 ಡಿಗ್ರಿ ಕೆಳಗೆ. ಆ ಗಾಳಿಯಲ್ಲಿ ಯಾರೂ ಬದುಕಲಾರರು. ಆದ್ದರಿಂದ ಹೊರಗಿನ ಗಾಳಿಯನ್ನು ಒತ್ತಿ ಕ್ಯಾಬಿನ್ನಿಗೆ ತುಂಬುತ್ತಾರೆ. ನೆಲಮಟ್ಟದ ಒತ್ತಡವನ್ನೇ ಒಳಗೆ ಇಡಬೇಕೆಂದರೆ ವಿಮಾನದ ಮೈ ಇನ್ನೂ ದಪ್ಪ, ಇನ್ನೂ ಭಾರವಾಗಬೇಕು. ಹಾಗಾಗಿ ಕ್ಯಾಬಿನ್ನಿನ ಒತ್ತಡ 8,000 ಅಡಿ, ಎಂದರೆ ಸುಮಾರು 2,440 ಮೀಟರ್ ಎತ್ತರದ ಗಾಳಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಊಟಿ ಇರುವುದು 2,240 ಮೀಟರಿನಲ್ಲಿ. ಅಲ್ಲಿಗೆ ನಾವು ತಾಸುಗಟ್ಟಲೆ ಘಾಟಿ ಹತ್ತಿ ಹೋಗುತ್ತೇವೆ. ವಿಮಾನದಲ್ಲಿ ಅಷ್ಟೇ ವ್ಯತ್ಯಾಸ ಅರ್ಧ ತಾಸಿನೊಳಗೆ ಮೈಮೇಲೆ ಬರುತ್ತದೆ. ಆರೋಗ್ಯವಾಗಿರುವ ಮಗುವಿಗೆ ಈ ತೆಳು ಗಾಳಿಯಿಂದ ತೊಂದರೆಯಿಲ್ಲ. ಅವಧಿಗೆ ಮೊದಲೇ ಹುಟ್ಟಿದ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವ, ರಕ್ತಹೀನತೆ ತೀವ್ರವಾಗಿರುವ ಮಕ್ಕಳನ್ನು ಮಾತ್ರ ವೈದ್ಯರಿಗೆ ತೋರಿಸಿಯೇ ಕರೆದೊಯ್ಯಬೇಕು.

ಒಳಕ್ಕೆ ಬಿಡದ ಬಾಗಿಲು

ನಮ್ಮ ಕಡೆಯವರು ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟಿ ಇಳಿಯುತ್ತಾ ‘ಕಿವಿ ಕಟ್ಟಿಕೊಂತು’ ಎನ್ನುತ್ತಾರೆ. ವಿಮಾನದಲ್ಲಿ ಆಗುವುದೂ ಅದೇ, ಇನ್ನಷ್ಟು ಜೋರಾಗಿ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ, ಅದೇ ನಡುಗಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಹೋಗುತ್ತದೆ. 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯುಸ್ಟೇಕಿಯ ಹೆಸರಿನಲ್ಲಿ ಅದನ್ನು ಯುಸ್ಟೇಷಿಯನ್ ನಾಳ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಮುಚ್ಚಿಕೊಂಡೇ ಇರುತ್ತದೆ. ನಾವು ನುಂಗುವಾಗ, ಆಕಳಿಸುವಾಗ ಅಂಗುಳಿನ ಒಂದು ಸ್ನಾಯು ಅದನ್ನು ಕ್ಷಣಕಾಲ ತೆರೆಯುತ್ತದೆ. ಒಳಗಿನ, ಹೊರಗಿನ ಒತ್ತಡ ಸರಿಸಮ ಆಗುತ್ತದೆ.

ವಿಮಾನ ಏರುವಾಗ ನಡುಗಿವಿಯ ಗಾಳಿ ಹಿಗ್ಗಿ ತಾನೇ ನಾಳವನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಏರುತ್ತಾ ನಾಳದ ಮೆತ್ತನೆಯ ಬಾಯಿಯನ್ನು ಅಮುಕಿ ಇನ್ನಷ್ಟು ಮುಚ್ಚುತ್ತದೆ. ಈ ಬಾಗಿಲು ಒಳಗಿನದನ್ನು ಸುಲಭವಾಗಿ ಹೊರಗೆ ಬಿಡುತ್ತದೆ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. ಆಗ ತಮಟೆ ಒಳಕ್ಕೆ ಸೆಳೆದುಕೊಂಡು ನೋವು ಶುರುವಾಗುತ್ತದೆ. ಕಿವಿಯ ನೋವನ್ನು ಹಾರಾಟದಲ್ಲಿ ಮೊದಲು ಉಂಡವರಲ್ಲಿ ಫ್ರಾನ್ಸಿನ ವಿಜ್ಞಾನಿ ಜಾಕ್ ಶಾರ್ಲ್ ಒಬ್ಬರು. 1783ರ ಡಿಸೆಂಬರ್ 1ರಂದು ಜಲಜನಕದ ಬಲೂನಿನಲ್ಲಿ ಸುಮಾರು 3,000 ಮೀಟರ್ ಏರಿದ ಅವರಿಗೆ ಕಿವಿಯಲ್ಲಿ ಚುಚ್ಚಿದಂಥ ನೋವು ಕಾಣಿಸಿತು. ಅವರು ಮತ್ತೆಂದೂ ಹಾರಲಿಲ್ಲ.

ದೊಡ್ಡವರಲ್ಲಿ ಈ ನಾಳ ಸುಮಾರು 36 ಮಿಲಿಮೀಟರ್ ಉದ್ದವಿದ್ದು 45 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಎಳೆಗೂಸಿನಲ್ಲಿ ಅದರ ಅರ್ಧದಷ್ಟೇ ಉದ್ದ, ಹತ್ತೇ ಡಿಗ್ರಿ ಓರೆ. ಹೆಚ್ಚುಕಡಿಮೆ ಮಲಗಿಕೊಂಡಂತೆ ಇರುತ್ತದೆ. ತೆರೆಯುವ ಸ್ನಾಯುವಿಗೂ ಇನ್ನೂ ಬಲ ಸಾಲದು. ನೆಗಡಿಯಾಗಿದ್ದರೆ ನಾಳದ ಬಾಯಿಯೇ ಊದಿಕೊಂಡಿರುತ್ತದೆ. ನಾವಾದರೆ ಬೇಕೆಂದೇ ಉಗುಳು ನುಂಗುತ್ತೇವೆ. ಒಂದೂವರೆ ವರ್ಷದ ಕೂಸಿಗೆ ಅದನ್ನು ಹೇಳಿಕೊಡುವುದು ಹೇಗೆ? ನಿದ್ದೆಯಲ್ಲಂತೂ ನುಂಗುವುದು ತೀರ ಕಡಿಮೆ. ಮಲಗಿದ್ದ ಮಗು ವಿಮಾನ ಇಳಿಯುವಾಗ ಚೀರಿ ಏಳುವುದು ಇದಕ್ಕೇ.

ಇಳಿಯುವ ಊರು ಯಾವುದು ಎಂಬುದೂ ಮುಖ್ಯ. ಕ್ಯಾಬಿನ್ನಿನ ಒತ್ತಡ 750 ಹೆಕ್ಟೊಪ್ಯಾಸ್ಕಲ್ ಇದೆ ಎಂದುಕೊಳ್ಳಿ. ಬೆಂಗಳೂರು ನಿಲ್ದಾಣ 915 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಒತ್ತಡ 910ರ ಆಸುಪಾಸು. ಸಮುದ್ರದ ದಡದ ಮುಂಬೈಯಲ್ಲಿ 1,010ರ ಆಸುಪಾಸು. ಬೆಂಗಳೂರಿನಲ್ಲಿ ಇಳಿಯುವ ಕಿವಿ 160ರಷ್ಟು ವ್ಯತ್ಯಾಸ ತಡೆದರೆ ಸಾಕು. ಮುಂಬೈಯಲ್ಲಿ 260ರಷ್ಟನ್ನು ತಡೆಯಬೇಕು.

ಏನು ಮಾಡಬೇಕು?

ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ತಾಸು ಮುಂಚೆಯೇ ವಿಮಾನ ಇಳಿಯತೊಡಗುತ್ತದೆ. ಆಗಲೇ ಮಗುವನ್ನು ಎಬ್ಬಿಸಿ. ನೆಟ್ಟಗೆ ಕೂರಿಸಿಕೊಂಡು ಎದೆಹಾಲನ್ನೋ ಲೋಟದ ನೀರನ್ನೋ ಗುಟುಕು ಗುಟುಕಾಗಿ, ನಿಲ್ದಾಣ ಮುಟ್ಟುವವರೆಗೂ ಕುಡಿಸುತ್ತಿರಿ. ಏರುವಾಗಲೇ ಹೊಟ್ಟೆ ತುಂಬ ಕುಡಿಸಿಬಿಟ್ಟರೆ ಬೇಕಾದ ಹೊತ್ತಿಗೆ ಮಗು ಬಾಯಿ ತೆರೆಯುವುದಿಲ್ಲ. ಮಗುವಿನ ಹಾಲು, ನೀರು, ಗಂಜಿಯನ್ನು ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಲು ಭದ್ರತಾ ತಪಾಸಣೆಯಲ್ಲಿ ಅವಕಾಶವಿದೆ. ಕ್ಯಾಬಿನ್ನಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತಲೂ ಕಡಿಮೆ. ನಮ್ಮ ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನದಂತೆ ಒಣ ಒಣ. ಆದ್ದರಿಂದ ದಾರಿಯುದ್ದಕ್ಕೂ ನೀರು ಬೇಕು. ಹೊಟ್ಟೆಯೊಳಗಿನ ಗಾಳಿಯೂ ಎತ್ತರದಲ್ಲಿ ಹಿಗ್ಗುವುದರಿಂದ ಉಬ್ಬರವಾಗುತ್ತದೆ. ಹಾಲು ಕುಡಿದ ಮೇಲೆ ಬೆನ್ನು ತಟ್ಟಿ ತೇಗು ಬರಿಸುವ ಅಜ್ಜಿಯ ಪಾಠ ಇಲ್ಲಿಯೂ ನಡೆಯುತ್ತದೆ.

ಚಳ್ಳಕೆರೆ ಸೀಮೆಯ ನಾವು ಶೇಂಗಾ ಕಟ್ಟಿಕೊಡದೆ ಯಾರನ್ನೂ ಪ್ರಯಾಣಕ್ಕೆ ಕಳಿಸುವವರಲ್ಲ. ಆದರೆ ಕಿವಿ ಬಿಡಲೆಂದು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶೇಂಗಾ, ಪೆಪ್ಪರ್‌ಮಿಂಟು ಕೊಡಬೇಡಿ. ಅವು ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಮಗು ಮಲಗಲೆಂದು ನೆಗಡಿಯ ಸಿರಪ್ಪನ್ನೂ ಕುಡಿಸಬೇಡಿ. ನೆಗಡಿ ಸಿರಪ್ಪುಗಳಲ್ಲಿ ಒಟ್ಟಿಗೆ ಬಳಸುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ನಿದ್ದೆ ಬರಿಸುವ ಔಷಧ ಕೆಲವು ಮಕ್ಕಳಲ್ಲಿ ಉಲ್ಟಾ ಕೆಲಸ ಮಾಡಿ ಚಡಪಡಿಕೆ ತರುತ್ತದೆ. ಮಲಗಿಸಿತು ಎಂದೇ ಇಟ್ಟುಕೊಂಡರೂ ನುಂಗುವುದು ಕಡಿಮೆಯಾಗಿ ಕಿವಿಗೆ ಇನ್ನೂ ಕಷ್ಟ. ಕಿವಿ ಸೋರುತ್ತಿದ್ದರೆ, ಜ್ವರವಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಅಳುವ ಮಗುವನ್ನು ಸಮಾಧಾನ ಮಾಡಲೆಂದು ಇಳಿಯುವ ಹೊತ್ತಿನಲ್ಲಿ ಬೆಲ್ಟು ಬಿಚ್ಚಿ ಎದ್ದು ನಿಲ್ಲಬೇಡಿ. ಎರಡು ವರ್ಷದೊಳಗಿನ ಮಕ್ಕಳು ಮಡಿಲಲ್ಲೇ ಪ್ರಯಾಣಿಸಬಹುದು ಎಂಬುದು ನಿಯಮ. ಆದರೆ ವಿಮಾನ ಜೋರಾಗಿ ಕುಲುಕಿ ಗುರುತ್ವದ ಮೂರು ಪಟ್ಟು ಬಲ ಬಿದ್ದರೆ 10 ಕಿಲೋ ತೂಗುವ ಮಗು ತೋಳಿಗೆ 30 ಕಿಲೋ ಆಗುತ್ತದೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ಅಪಘಾತಕ್ಕೀಡಾದಾಗ ಮಡಿಲ ಕೂಸುಗಳನ್ನು ಹಿಡಿದುಕೊಳ್ಳಲು ಕೆಲವು ತಂದೆತಾಯಿಯರಿಗೆ ಆಗಲಿಲ್ಲ. ಒಂದು ಮಗು ತೀರಿಕೊಂಡಿತು. ಅನುಕೂಲವಿದ್ದವರು ಮಗುವಿಗೆ ಬೇರೆ ಸೀಟು ಕೊಂಡು, ವಿಮಾನಕ್ಕೆ ಒಪ್ಪುವ ಮಕ್ಕಳ ಆಸನದಲ್ಲಿ ಕೂರಿಸುವುದು ಲೇಸು. ಊರಿನಿಂದ ನಿಲ್ದಾಣದವರೆಗಿನ ಇನ್ನೂರು ಚಿಲ್ಲರೆ ಕಿಲೋಮೀಟರ್ ಕಾರಿನ ದಾರಿಗೂ ಅದೇ ಆಸನ ಬೇಕು. ಅಪಾಯ ಹೆಚ್ಚಿರುವುದು ಆಕಾಶದಲ್ಲಲ್ಲ, ಹೆದ್ದಾರಿಯಲ್ಲಿ.

ರಾತ್ರಿ ಎರಡು ಗಂಟೆಯ ಆಟ

ದೂರದ ದೇಶದಿಂದ ಬರುವ ಕೂಸಿಗೆ ಕಿವಿಯ ಜೊತೆಗೆ ನಿದ್ದೆಯ ಕಷ್ಟವೂ ಇದೆ. 2021ರ ಜನವರಿ 11ರಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರು ಮುಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋಗೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ತಾಸಿನ ಅಂತರ. ಅಲ್ಲಿಂದ ಬಂದ ಮೊಮ್ಮಗು ಕೊಂಡ್ಲಹಳ್ಳಿಯ ನಡುಮನೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಆಟಕ್ಕೆ ಕರೆದರೆ ಗಾಬರಿ ಬೇಡ. ಮೆದುಳಿನಲ್ಲಿರುವ ದೇಹದ ಗಡಿಯಾರ ಇನ್ನೂ ಅಲ್ಲಿನ ಹಗಲನ್ನೇ ತೋರಿಸುತ್ತಿದೆ, ಅಷ್ಟೇ. ಆ ಗಡಿಯಾರವನ್ನು ತಿದ್ದುವುದು ಬೆಳಕು. ಬೆಳಗ್ಗೆ ಮಗುವನ್ನು ಅಂಗಳದ ಬಿಸಿಲಿಗೆ ಕರೆತನ್ನಿ. ಹಗಲಿನ ನಿದ್ದೆ ಉದ್ದವಾಗದಂತೆ ಎಬ್ಬಿಸಿ. ಸಂಜೆ ದೀಪ ತಗ್ಗಿಸಿ, ಮೊಬೈಲು ದೂರವಿಡಿ. ಊಟ ಊರಿನ ಹೊತ್ತಿಗೇ ಆಗಲಿ. ಗಡಿಯಾರ ಸರಿಹೋಗಲು ವಾರವೋ ಇನ್ನೂ ಕೆಲವು ದಿನವೋ ಹಿಡಿಯುತ್ತದೆ.

ಕಡೆಯದಾಗಿ, ಪಕ್ಕದ ಸೀಟಿನಲ್ಲಿ ಕೂರುವವರಲ್ಲಿ ಒಂದು ಮನವಿ. ಇಳಿಯುವಾಗ ಕೂಸೊಂದು ಅತ್ತರೆ ಆ ತಾಯಿಯ ಕಡೆ ತಿರುಗಿ ದುರುಗುಟ್ಟಬೇಡಿ. ಅದರ ಕಿವಿಯ ತಮಟೆ ಒಳಕ್ಕೆ ಸೆಳೆದುಕೊಂಡು ನೋಯುತ್ತಿದೆ. ನೋಯುತ್ತಿದೆ ಎಂದು ಹೇಳಲು ಅದಕ್ಕೆ ಅಳುವಲ್ಲದೆ ಬೇರೆ ಮಾತಿಲ್ಲ. ಆ ತಾಯಿ ಬ್ಯಾಗಿನಲ್ಲಿ ನೀರಿನ ಲೋಟ ಹುಡುಕುತ್ತಿದ್ದರೆ, ಅದನ್ನು ತೆಗೆದು ಅವಳ ಕೈಗೆ ಕೊಡಿ.